ಹಂಸ ಎಂದರೆ ಜ್ಞಾನಿ, ಗೂಸ್ ಎಂದರೆ ಪೆದ್ದು: ಒಂದೇ ಹಕ್ಕಿ, ಎರಡು ಹಣೆಬರಹ

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷ್‌ನಲ್ಲಿ ಯಾರನ್ನಾದರೂ ಪ್ರೀತಿಯಿಂದ ಗದರಬೇಕಾದರೆ ‘ಸಿಲ್ಲಿ ಗೂಸ್’ ಅನ್ನುತ್ತಾರೆ. ಪೆದ್ದು, ದಡ್ಡಿ ಅಂತ ಅರ್ಥ. ನಮ್ಮಲ್ಲಿ ಎಲ್ಲ ಹಂಗು ಹರಿದುಕೊಂಡು ನಿಂತ ಜ್ಞಾನಿಗೆ ‘ಪರಮಹಂಸ’ ಅನ್ನುತ್ತೇವೆ. ಒಂದು ಬೈಗುಳ, ಇನ್ನೊಂದು ಬಿರುದು. ಆದರೆ ಗೂಸ್ ಮತ್ತು ಹಂಸ ಬೇರುಮಟ್ಟದಲ್ಲಿ ಒಂದೇ ಮಾತು. ಹಕ್ಕಿಯೂ ಬಹುಮಟ್ಟಿಗೆ ಒಂದೇ ಜಾತಿಯದು. ಹಾಗಿದ್ದ ಮೇಲೆ ಒಂದು ಕಡೆ ದಡ್ಡನ ಪಟ್ಟ, ಇನ್ನೊಂದು ಕಡೆ ಗುರುವಿನ ಪಟ್ಟ ಹೇಗೆ ಬಂತು? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಮೊದಲು, ಒಂದೇ ಮಾತು ಅಂದೆನಲ್ಲ, ಅದನ್ನು ತೋರಿಸಿಬಿಡುತ್ತೇನೆ. ಕೇಳುವುದಕ್ಕೆ ಎರಡೂ ಒಂದಕ್ಕೊಂದು ಹೋಲುವುದೇ ಇಲ್ಲ, ಅಲ್ವಾ? ನಡುವೆ ಜರ್ಮನ್ ಭಾಷೆಯನ್ನು ತಂದು ನಿಲ್ಲಿಸಿ. ಅಲ್ಲಿ ಈ ಹಕ್ಕಿಗೆ ‘ಗನ್ಸ್’. ಈಗ ಸಾಲಾಗಿ ಹೇಳಿ ನೋಡಿ: ಹಂಸ, ಗನ್ಸ್, ಗೂಸ್. ಸಂಸ್ಕೃತದ ಹಕಾರ ಇರುವ ಕಡೆ ಜರ್ಮನ್ನಿನಲ್ಲೂ ಇಂಗ್ಲಿಷಿನಲ್ಲೂ ಗಕಾರ ಇದೆ. ಮೂಲದಲ್ಲಿ ಅದು ಘಕಾರದಂಥ ಒಂದು ಧ್ವನಿ. ಇನ್ನು ಉಳಿದದ್ದು ನಡುವಿನ ಸೊನ್ನೆ. ಹಂಸದಲ್ಲಿ ಇರುವ ಆ ಅನುಸ್ವಾರ ಗೂಸ್‌ನಲ್ಲಿ ಎಲ್ಲಿ ಹೋಯಿತು?

ಹಳೆಯ ಇಂಗ್ಲಿಷ್‌ನಲ್ಲಿ ಸಕಾರದ ಹಿಂದೆ, ಥಕಾರದ ಹಿಂದೆ, ಫಕಾರದ ಹಿಂದೆ ಬರುವ ಅನುನಾಸಿಕ ಬಿದ್ದುಹೋಗುತ್ತಿತ್ತು. ಬಿದ್ದ ಜಾಗ ತುಂಬಲು ಹಿಂದಿನ ಸ್ವರ ಉದ್ದವಾಗುತ್ತಿತ್ತು. ನಂಬಿಕೆ ಬರದಿದ್ದರೆ ಬಾಯಲ್ಲಿರುವ ಹಲ್ಲನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ದಂತ, ಇಂಗ್ಲಿಷ್‌ನಲ್ಲಿ ಟೂತ್. ಸೊನ್ನೆ ಹೋಯಿತು, ಊಕಾರ ಬಂತು. ಐದಕ್ಕೂ ಹಾಗೇ. ಪಂಚ, ಜರ್ಮನ್ನಿನಲ್ಲಿ ಫ್ಯುನ್ಫ್, ಇಂಗ್ಲಿಷಿನಲ್ಲಿ ಫೈವ್. ದಂತಕ್ಕೆ ಏನಾಯಿತೋ ಹಂಸಕ್ಕೂ ಅದೇ ಆಯಿತು. ಬಹುವಚನದಲ್ಲೂ ಇವು ಜೊತೆಗಾರರು: ಟೂತ್ ಹೋಗಿ ಟೀತ್ ಆಗುತ್ತದೆ, ಗೂಸ್ ಹೋಗಿ ಗೀಸ್ ಆಗುತ್ತದೆ.

ಕನ್ನಡವೂ ಈ ಮಾತನ್ನು ಸುಮ್ನೆ ಬಿಡಲಿಲ್ಲ. ಶಾಲೆಯಲ್ಲಿ ತತ್ಸಮ, ತದ್ಭವ ಉರು ಹೊಡೆದವರಿಗೆ ನೆನಪಿರಬಹುದು, ಹಂಸದ ತದ್ಭವ ‘ಅಂಚೆ’. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸವೇ. ಹಂಸದ ಪುಕ್ಕ ತುಂಬಿದ ಮೆತ್ತನೆಯ ಹಾಸಿಗೆಯನ್ನು ಸಂಸ್ಕೃತದಲ್ಲಿ ಹಂಸತೂಲಿಕಾತಲ್ಪ ಎಂದಂತೆ, ಕನ್ನಡದಲ್ಲಿ ಅಂಚೆಯ ತುಪ್ಪುಳಿನ ಹಾಸಿಗೆ. ನಾವು ಕಾಗದ ಹಾಕುವ ಅಂಚೆಗೂ ಈ ಅಂಚೆಗೂ ನಂಟಿದೆ ಎಂದು ನಾನು ವಾದಿಸುವುದಿಲ್ಲ. ಆದರೆ ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸ ಎಂದು ಗೊತ್ತಿರುವವರಿಗೆ ಎರಡನ್ನೂ ಒಟ್ಟಿಗೆ ನೆನೆಯದೆ ಇರುವುದು ಕಷ್ಟ. ಇನ್ನೊಂದು ಸೊಗಸು ಇದೆ. ಲ್ಯಾಟಿನ್ನಿನಲ್ಲೂ ಈ ಮಾತಿನ ಮೊದಲ ಹಕಾರ ಉದುರಿ ‘ಆನ್ಸೆರ್’ ಆಗಿದೆ. ಎಲ್ಲಿಯ ರೋಮು, ಎಲ್ಲಿಯ ಹಳಗನ್ನಡ! ಒಬ್ಬರನ್ನೊಬ್ಬರು ಕೇಳದೆಯೇ ಎರಡೂ ಭಾಷೆ ಒಂದೇ ಅಕ್ಷರವನ್ನು ಕೈಬಿಟ್ಟವು.

ಈಗ ನಿಮ್ಮಲ್ಲಿ ಕೆಲವರಿಗೆ ತಕರಾರು ಇರುತ್ತದೆ. ಹಂಸ ಎಂದರೆ ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ಇರುವ, ಕೊಕ್ಕೆಯಂತೆ ಕೊರಳು ಬಾಗಿಸಿದ ಬಿಳಿ ಹಕ್ಕಿ ಅಲ್ಲವೇ? ಅದು ಸ್ವಾನ್, ಗೂಸ್ ಅಲ್ಲವಲ್ಲ? ಸ್ವಾನ್ ಹಕ್ಕಿ ಭಾರತಕ್ಕೆ ಬರುವುದು ಬಲು ಅಪರೂಪ. ಬಂದರೂ ವಾಯವ್ಯದ ಕಡೆ, ಚಳಿಗಾಲದಲ್ಲಿ, ದಾರಿ ತಪ್ಪಿದಂತೆ. ಹಳೆಯ ಶಿಲ್ಪಗಳ ಹಂಸಪಟ್ಟಿಕೆಗಳನ್ನು ನೋಡಿ. ದೇವಸ್ಥಾನದ ಗೋಡೆಯಲ್ಲಿ ಸಾಲಾಗಿ ನಡೆಯುವ ಆ ಹಕ್ಕಿಗಳ ಕೊರಳು ಅಷ್ಟೊಂದು ಉದ್ದ ಇರುವುದಿಲ್ಲ, ಮೈ ದಪ್ಪ, ಕೊಕ್ಕು ಗಿಡ್ಡ. ಕವಿಗಳು ಹೇಳುವುದೂ ಅದಕ್ಕೆ ಸರಿಹೊಂದುತ್ತದೆ: ಹಂಸ ಮಾನಸ ಸರೋವರಕ್ಕೆ ಹಾರಿ ಹೋಗುವ ಹಕ್ಕಿ. ಹಾಗೆ ಟಿಬೆಟ್ಟಿನ ಸರೋವರಗಳ ಬದಿಯಲ್ಲಿ ಗೂಡು ಕಟ್ಟಿ, ಚಳಿಗೆ ಹಿಮಾಲಯ ದಾಟಿ ಕೆಳಗೆ ಇಳಿಯುವ ಹಕ್ಕಿ ಯಾವುದು? ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಹೆಬ್ಬಾತು ಎಂದರೆ ಗೂಸ್. ಮುಂದೆ ನಾನು ಬರೀ ಬಾತು ಅಂದರೂ ಇದೇ, ಬಾತುಕೋಳಿ ಅಲ್ಲ.

ಈ ಹಕ್ಕಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ ಇದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿ ಎಷ್ಟು ತೆಳು ಎಂದರೆ ಮನುಷ್ಯ ನಾಲ್ಕು ಹೆಜ್ಜೆ ಇಡಲು ಏದುಸಿರು ಬಿಡುತ್ತಾನೆ. ಇದು ರೆಕ್ಕೆ ಬಡಿಯುತ್ತಲೇ ಹೋಗುತ್ತದೆ. ಇದರ ರಕ್ತದ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಶ್ವಾಸಕೋಶವೂ ದೊಡ್ಡದು. ಜೊತೆಗೆ ಸಮಯದ ಆಯ್ಕೆ. ಗಾಳಿ ತಣ್ಣಗಿದ್ದು ಸ್ವಲ್ಪ ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವದಲ್ಲೇ ಹತ್ತುವುದು ಜಾಸ್ತಿ. ಒಮ್ಮೆ ಏರಿದ ಎತ್ತರದಲ್ಲೇ ಹೋಗುವುದೂ ಇಲ್ಲ. ಕಣಿವೆ ಬಂದರೆ ಇಳಿದು, ಬೆಟ್ಟ ಬಂದರೆ ಮತ್ತೆ ಏರುತ್ತದೆ. ಇಳಿದು ಏರುವುದು ವ್ಯರ್ಥ ಅನ್ನಿಸಬಹುದು, ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಅದಕ್ಕಿಂತ ದುಬಾರಿ. ಇಂಥ ಹಕ್ಕಿ ಬೆಟ್ಟದಾಚೆಯಿಂದ ಬಂದು, ಕೆರೆಯಲ್ಲಿ ಕೆಲವು ತಿಂಗಳು ಇದ್ದು, ಯಾರಿಗೂ ಹೇಳದೆ ಒಂದು ದಿನ ಹೊರಟುಹೋಗುತ್ತದೆ. ಅದನ್ನು ನೋಡಿದವರಿಗೆ ಮೈಯೊಳಗಿನ ಜೀವ ನೆನಪಾದದ್ದು, ಎಲ್ಲೂ ಅಂಟದೆ ತಿರುಗುವ ಸನ್ಯಾಸಿ ನೆನಪಾದದ್ದು ಸಹಜ. ಪರಮಹಂಸ ಎಂಬ ಮಾತು ಹುಟ್ಟಿದ್ದು ಹಕ್ಕಿಯನ್ನು ನೋಡಲು ತಲೆ ಮೇಲೆತ್ತಿದವರ ನಡುವೆ ಎಂದು ನನಗೆ ಅನ್ನಿಸುತ್ತದೆ.

ಇಂಗ್ಲಿಷಿನವರು, ಜರ್ಮನ್ನರು ತಲೆ ತಗ್ಗಿಸಿ ನೋಡಿದರು. ಅವರಿಗೆ ಗೂಸ್ ಎಂದರೆ ಅಂಗಳದ ಹಕ್ಕಿ. ಯುರೋಪಿನ ಸಾಕುಬಾತು ಬಂದದ್ದು ಅಲ್ಲಿನ ಬೂದು ಕಾಡುಬಾತಿನಿಂದ. ಏಷ್ಯಾದ ಪೂರ್ವದಲ್ಲಿ ಇನ್ನೊಂದು ಜಾತಿಯಿಂದ ಬೇರೆಯಾಗಿ ಸಾಕಣೆ ಶುರುವಾಯಿತು, ಅದೂ ಚೀನಾದಲ್ಲಿ ಸುಮಾರು 7,000 ವರ್ಷ ಹಿಂದೆಯೇ ಎಂಬುದಕ್ಕೆ ಮೂಳೆಗಳ ಸಾಕ್ಷಿ ಇದೆ. ಸಾಕಿ, ತಿನ್ನಿಸಿ, ಆರಿಸಿ, ಆರಿಸಿ, ಹಕ್ಕಿಯನ್ನು ಹಾರಲಾರದಷ್ಟು ಭಾರ ಮಾಡಿದವನು ಮನುಷ್ಯ. ಆಮೇಲೆ ‘ಅಯ್ಯೋ, ಹೇಗೆ ಓಲಾಡಿಕೊಂಡು ನಡೆಯುತ್ತದೆ, ಪೆದ್ದು’ ಎಂದು ನಕ್ಕವನೂ ಅವನೇ. ಜರ್ಮನ್ನರು ಹೆಣ್ಣುಮಕ್ಕಳನ್ನು ‘ದುಮ್ಮೆ ಗನ್ಸ್’, ಪೆದ್ದುಬಾತು ಎಂದು ಬೈಯುತ್ತಾರೆ. ಫ್ರೆಂಚರಿಗೆ ಲೋಕ ಅರಿಯದ ಹುಡುಗಿ ‘ಬಿಳಿ ಬಾತು’. ಇದರಲ್ಲಿ ಹಕ್ಕಿಗೂ ಹೆಣ್ಣಿಗೂ ಒಟ್ಟಿಗೇ ಅನ್ಯಾಯ ಆಗಿದೆ. ರಷ್ಯನ್ನರು ಮಾತ್ರ ಬೇರೆ ದಾರಿ ಹಿಡಿದರು. ಅಲ್ಲಿ ಒಬ್ಬನನ್ನು ‘ಎಂಥಾ ಬಾತು ನೋಡು’ ಅಂದರೆ ಅವನು ಕಿಲಾಡಿ, ನಂಬಬೇಡ ಅಂತ.

ನಡಿಗೆಯನ್ನೇ ತೆಗೆದುಕೊಳ್ಳಿ. ನಮ್ಮ ಕಾವ್ಯದಲ್ಲಿ ಚೆಲುವೆ ಹಂಸಗಮನೆ. ಇಂಗ್ಲಿಷ್‌ನಲ್ಲಿ ಅದೇ ನಡಿಗೆಯ ಹೆಸರಿನಿಂದ ‘ಗೂಸ್ ಸ್ಟೆಪ್’ ಆಯಿತು. ಮೊಣಕಾಲು ಮಡಚದೆ ಕಾಲನ್ನು ನೇರ ಎತ್ತಿ ಬಡಿಯುವ ಸೈನಿಕರ ಕವಾಯತು ಅದು. ನನ್ನ ಮಟ್ಟಿಗೆ ಹಂಸಗಮನೆ ಎಂದವರ ಕಣ್ಣೇ ಹೆಚ್ಚು ಚುರುಕು. ಬಾತುಕೋಳಿಯ ಕಾಲು, ಸ್ವಾನ್‌ನ ಕಾಲು ಮೈಯ ಹಿಂಭಾಗಕ್ಕೆ ಜೋಡಿಸಿಕೊಂಡಿರುತ್ತದೆ, ನೀರಿನಲ್ಲಿ ಮೀಟಲು ಅನುಕೂಲ, ನೆಲದಲ್ಲಿ ತೊಡಕು. ಹೆಬ್ಬಾತಿನ ಕಾಲು ಮೈಯ ನಡುವಿಗೆ ಹತ್ತಿರ. ಹುಲ್ಲು ಮೇಯುತ್ತಾ ಗಂಟೆಗಟ್ಟಲೆ ನಡೆಯುವ ಹಕ್ಕಿ ಅದು. ನೆಲದ ಮೇಲೆ ಅದರ ನಡೆ ಸಲೀಸು.

ಇನ್ನು ದಡ್ಡತನದ ಮಾತು. ಇಂಗ್ಲಿಷ್ ನುಡಿಗಟ್ಟುಗಳೇ ಒಂದಕ್ಕೊಂದು ಎದುರು ನಿಲ್ಲುತ್ತವೆ. ತೀರಾ ಅಂಜುಬುರುಕನನ್ನು ಕುರಿತು ‘ಅವನು ಒಂದು ಬಾತಿಗೂ ಗದರಿಸಲಾರ’ ಅನ್ನುತ್ತಾರೆ. ಬಾತಿಗೆ ಗದರಿಸುವುದು ಸುಲಭದ ಕೆಲಸ ಎಂಬ ಎಣಿಕೆ. ಮರಿ ಇರುವ ಹೆಬ್ಬಾತಿನ ಹತ್ತಿರ ಹೋದವರನ್ನು ಕೇಳಿ. ಅದು ಕೊರಳನ್ನು ನೆಲಕ್ಕೆ ಸಮವಾಗಿ ಚಾಚುತ್ತದೆ. ರೆಕ್ಕೆ ಅರ್ಧ ಬಿಚ್ಚುತ್ತದೆ. ಬಾಯಿ ತೆರೆದು ಹಾವಿನಂತೆ ಬುಸುಗುಡುತ್ತದೆ. ಆ ಬಾಯೊಳಗೆ ಕೊಕ್ಕಿನ ಅಂಚಿನಲ್ಲೂ ನಾಲಿಗೆಯ ಎರಡು ಬದಿಯಲ್ಲೂ ಗರಗಸದಂಥ ಚೂಪು ಸಾಲು ಕಾಣುತ್ತದೆ. ಹುಲ್ಲು ಹಿಡಿದು ಕತ್ತರಿಸಲು ಇರುವ ಸಾಧನ ಅದು, ಆದರೆ ಮೀನಖಂಡಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂದಿನಿಂದ ಬಂದು ಕುಕ್ಕುವುದೂ ಅದಕ್ಕೆ ರೂಢಿ. ‘ಗೂಸ್’ ಕ್ರಿಯಾಪದವಾದಾಗ ಯಾರನ್ನಾದರೂ ಹಿಂದಿನಿಂದ ತಿವಿದು ಬೆಚ್ಚಿಬೀಳಿಸುವುದು ಎಂದು ಅರ್ಥ. ಅದೇ ಮುಂದುವರಿದು ಗಾಡಿಗೆ ತಟ್ಟನೆ ಆಕ್ಸಿಲರೇಟರ್ ಒತ್ತುವುದಕ್ಕೂ ಅಮೆರಿಕದಲ್ಲಿ ‘ಇಂಜಿನ್ನನ್ನು ಗೂಸ್ ಮಾಡು’ ಅನ್ನುತ್ತಾರೆ.

ರೋಮಿನವರು ಈ ಹಕ್ಕಿಯನ್ನು ದಡ್ಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಇತಿಹಾಸಕಾರ ಲಿವಿ ಹೇಳುವ ಪ್ರಕಾರ, ಕ್ರಿ.ಪೂ. 390ರ ಹೊತ್ತಿಗೆ ಗಾಲ್ ಜನ ರೋಮ್ ನಗರವನ್ನು ಹಿಡಿದರು. ಉಳಿದವರು ಕ್ಯಾಪಿಟೋಲಿನ್ ಗುಡ್ಡದ ಮೇಲೆ ಸೇರಿಕೊಂಡರು. ಒಂದು ರಾತ್ರಿ ಶತ್ರುಗಳು ಸದ್ದಿಲ್ಲದೆ ಗುಡ್ಡ ಹತ್ತಿದರು. ಕಾವಲುಗಾರರು ಏಳಲಿಲ್ಲ, ನಾಯಿಗಳೂ ಬೊಗಳಲಿಲ್ಲ. ಜೂನೋ ದೇವತೆಗೆ ಮೀಸಲಿಟ್ಟ ಹೆಬ್ಬಾತುಗಳಿದ್ದವು. ಊಟಕ್ಕಿಲ್ಲದ ಕಾಲದಲ್ಲೂ ದೇವರವು ಎಂದು ಅವನ್ನು ಕೊಂದು ತಿಂದಿರಲಿಲ್ಲ. ಅವು ರೆಕ್ಕೆ ಬಡಿದು ಕಿರುಚಿದವು. ಮಾರ್ಕಸ್ ಮಾನ್ಲಿಯಸ್ ಎಂಬುವನು ಎದ್ದು ಓಡಿ, ಮೇಲೆ ಕಾಲಿಟ್ಟಿದ್ದ ಮೊದಲ ಶತ್ರುವನ್ನು ಕೆಳಕ್ಕೆ ತಳ್ಳಿದ.

ಕಳೆದ ಶತಮಾನದಲ್ಲಿ ಹೆಬ್ಬಾತಿನ ಮನಸ್ಸನ್ನು ಹತ್ತಿರದಿಂದ ನೋಡಿದವರು ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್. ಮೊಟ್ಟೆಯೊಡೆದು ಬಂದ ಮರಿ ತಾನು ಮೊದಲು ಕಂಡ, ಚಲಿಸುವ ಜೀವಿಯನ್ನು ತಾಯಿ ಎಂದು ಹಿಡಿಯುತ್ತದೆ ಎಂಬುದನ್ನು ಅವರು ವಿವರವಾಗಿ ಅಭ್ಯಾಸ ಮಾಡಿದರು. ಮರಿಗಳು ಅವರ ಹಿಂದೆಯೇ ಸಾಲು ಹಿಡಿದು ನಡೆದವು, ಅವರ ಜೊತೆ ಈಜಿದವು. 1973ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಜೋಡಿಯನ್ನು ಕಳೆದುಕೊಂಡ ಹೆಬ್ಬಾತು ತಲೆ ಜೋತುಬಿಟ್ಟು, ಮೈ ಸೋತು, ಗುಂಪಿನಲ್ಲಿ ಎಲ್ಲರಿಂದ ಕುಕ್ಕಿಸಿಕೊಳ್ಳುತ್ತಾ ಮೂಲೆ ಸೇರುವುದನ್ನೂ ಅವರು ಬರೆದಿದ್ದಾರೆ. ದಡ್ಡತನ ಎಂದು ಜನ ನಗುತ್ತಿದ್ದ ‘ಒಬ್ಬರ ಹಿಂದೆ ಒಬ್ಬರು ಹೋಗುವುದು’ ಈ ಹಕ್ಕಿಯ ಬದುಕಿನ ಆಧಾರ ಎಂದು ಆಗ ಗೊತ್ತಾಯಿತು.

ಹಿಂದೆ ಹೋಗುವುದು ಎಂದಾಗ ನೆನಪಾಯಿತು. ‘ವೈಲ್ಡ್ ಗೂಸ್ ಚೇಸ್’ ಎಂದರೆ ಈಗ ಸಿಗದ ವಸ್ತುವಿಗಾಗಿ ಸುಮ್ನೆ ಅಲೆಯುವುದು. 16ನೇ ಶತಮಾನದಲ್ಲಿ ಅದು ಕುದುರೆ ಸವಾರರ ಆಟ. ಮುಂದಿನವನು ಎತ್ತ ತಿರುಗಿದರೆ ಹಿಂದಿನವರೆಲ್ಲ ಗೊತ್ತಾದ ಅಂತರ ಬಿಟ್ಟು ಅತ್ತಲೇ ತಿರುಗಬೇಕು, ಹಾರುವ ಕಾಡುಬಾತುಗಳ ಸಾಲಿನ ಹಾಗೆ. ಆಟ ಮರೆತುಹೋಯಿತು. ಮಾತು ಉಳಿದು ‘ಅದನ್ನು ಹಿಡಿಯಲು ಆಗದು’ ಎಂಬ ಹೊಸ ಅರ್ಥ ಪಡೆಯಿತು. ಗಮನಿಸಿ, ಇಂಗ್ಲಿಷ್‌ನಲ್ಲೂ ಕಾಡಿನ ಗೂಸ್ ಪೆದ್ದಲ್ಲ, ಕೈಗೆ ಸಿಗದ ಜಾಣೆ. ಅಂಗಳದ್ದಕ್ಕೆ ಮಾತ್ರ ಆ ಹೆಸರು. ಗುಂಪಿಗೆ ಇಡುವ ಹೆಸರೂ ಎರಡು. ನೆಲದ ಮೇಲಿದ್ದರೆ ‘ಗ್ಯಾಗಲ್’, ಗಲಾಟೆಯ ಸದ್ದಿನಿಂದ ಬಂದದ್ದು. ಆಕಾಶದಲ್ಲಿದ್ದರೆ ‘ಸ್ಕೇನ್’, ನೂಲಿನ ಲಡಿ.

ಈ ಹಕ್ಕಿಯ ಮೈಯಲ್ಲಿ ಇಂಗ್ಲಿಷ್ ಭಾಷೆ ಮುಟ್ಟದ ಜಾಗ ಇಲ್ಲ. ಕೊರಳಿನಿಂದ ಶುರು ಮಾಡಿ. ಬೇಕಾದ ಕಡೆ ಬಾಗಿಸಬಹುದಾದ ಮೇಜಿನ ದೀಪಕ್ಕೆ ‘ಗೂಸ್‌ನೆಕ್’. ಕೊರಳು ಚಾಚಿ ನೋಡುವುದಕ್ಕೆ ‘ಟೇಕ್ ಎ ಗ್ಯಾಂಡರ್’, ಗ್ಯಾಂಡರ್ ಎಂದರೆ ಗಂಡು ಹೆಬ್ಬಾತು. ದರ್ಜಿಗಳ ಹಳೆಯ ಭಾರದ ಇಸ್ತ್ರಿಪೆಟ್ಟಿಗೆಯ ಹೆಸರೂ ‘ಗೂಸ್’, ಅದರ ಹಿಡಿ ಬಾಗಿದ ಕೊರಳಿನಂತೆ ಇರುತ್ತಿತ್ತು. ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಬಾಗಿಲು ಕಾಯುವವನು ನರಕಕ್ಕೆ ಬಂದ ದರ್ಜಿಗೆ, ಇಲ್ಲಿ ನಿನ್ನ ಬಾತನ್ನು ಸುಟ್ಟುಕೋ ಅನ್ನುತ್ತಾನೆ. ಇಸ್ತ್ರಿಪೆಟ್ಟಿಗೆ ಗೊತ್ತಿದ್ದರೆ ಮಾತ್ರ ಆ ಮಾತು ಹತ್ತುತ್ತದೆ.

ಚರ್ಮಕ್ಕೆ ಬಂದರೆ ‘ಗೂಸ್‌ಬಂಪ್ಸ್’. ಗರಿ ಕಿತ್ತ ಹಕ್ಕಿಯ ಚರ್ಮದ ಮೇಲೆ ಗರಿ ಇದ್ದ ಜಾಗದಲ್ಲೆಲ್ಲ ಸಣ್ಣ ಗುಳ್ಳೆ. ಚಳಿಗೋ ಭಯಕ್ಕೋ ನಮ್ಮ ಕೂದಲಿನ ಬುಡದ ಪುಟ್ಟ ಸ್ನಾಯುಗಳು ಬಿಗಿದು ಕೂದಲನ್ನು ನೆಟ್ಟಗೆ ಎತ್ತುತ್ತವೆ, ಆಗ ನಮ್ಮ ಚರ್ಮವೂ ಹಾಗೆ ಕಾಣುತ್ತದೆ. ಜರ್ಮನ್ನರಿಗೂ ಅದು ಬಾತಿನ ಚರ್ಮ. ಫ್ರೆಂಚರು, ಸ್ಪೇನಿನವರು ಕೋಳಿ ಚರ್ಮ ಅನ್ನುತ್ತಾರೆ. ಕನ್ನಡದ ಮೈ ನವಿರೇಳುವುದು ಚರ್ಮ ಬಿಟ್ಟು ಕೂದಲನ್ನು ನೋಡಿತು. ನವಿರು ಎಂದರೆ ಕೂದಲು.

ಗರಿಯ ವಿಷಯಕ್ಕೆ ಬಂದರೆ ನಿಲ್ಲಲೇಬೇಕು. ಸಾವಿರ ವರ್ಷಕ್ಕೂ ಮಿಕ್ಕಿ ಯುರೋಪು ಬರೆದದ್ದು ಮುಖ್ಯವಾಗಿ ಹೆಬ್ಬಾತಿನ ಗರಿಯಲ್ಲಿ. ರೆಕ್ಕೆಯ ತುದಿಯ ಕೆಲವು ಗರಿಗಳು ಮಾತ್ರ ಇದಕ್ಕೆ ಆಗುತ್ತವೆ. ಬಲಗೈಯವರಿಗೆ ಎಡ ರೆಕ್ಕೆಯದು ಒಳ್ಳೆಯದು, ಅದರ ಬಾಗು ಕಣ್ಣಿಗೆ ಅಡ್ಡ ಬರದೆ ಹೊರಕ್ಕೆ ಹೋಗುತ್ತದೆ. ಗರಿಯ ಬುಡ ಮೊದಲು ಮೆತ್ತಗೆ, ಮಬ್ಬಾಗಿ ಇರುತ್ತದೆ. ಬಿಸಿ ಮರಳಿನಲ್ಲಿ ಹುಗಿದರೆ ಗಟ್ಟಿಯಾಗಿ, ಒಳಗೆ ಬೆಳಕು ಕಾಣುವಷ್ಟು ತಿಳಿಯಾಗುತ್ತದೆ. ಹಿಡಿಯುವ ಕಡೆಯ ಎಳೆಗಳನ್ನು ಕಿತ್ತು, ತುದಿಯನ್ನು ಓರೆಯಾಗಿ ಕೊಯ್ದು, ನಡುವೆ ಕೂದಲೆಳೆಯಷ್ಟು ಸೀಳು ಹಾಕಬೇಕು. ಶಾಯಿ ಇಳಿಯುವುದು ಆ ಸೀಳಿನಲ್ಲಿ. ಬರೆಯುತ್ತಾ ತುದಿ ಮೊಂಡಾದರೆ ಮತ್ತೆ ಕೊಯ್ಯಬೇಕು. ಅದಕ್ಕೇ ಇಟ್ಟುಕೊಂಡ ಚಿಕ್ಕ ಚಾಕು ‘ಪೆನ್‌ನೈಫ್’. ‘ಪೆನ್’ ಎಂಬ ಮಾತೇ ಗರಿಗೆ ಇರುವ ಲ್ಯಾಟಿನ್ ಹೆಸರಿನಿಂದ ಬಂದದ್ದು. ನಿಮ್ಮ ಜೇಬಿನಲ್ಲಿ ಪ್ಲಾಸ್ಟಿಕ್ ಪೆನ್ ಇದ್ದರೂ ಹೆಸರಿನಲ್ಲಿ ಗರಿ ಇದೆ.

ಬಾಣದ ಹಿಂಬದಿಗೆ ಕಟ್ಟಿದ್ದೂ ಇದೇ ಗರಿ. 15ನೇ ಶತಮಾನದಲ್ಲಿ ಇಂಗ್ಲೆಂಡಿನ ಐದನೇ ಹೆನ್ರಿ ಬಾಣಗಳಿಗಾಗಿ ಪ್ರತಿ ಹೆಬ್ಬಾತಿನಿಂದ ಆರು ಗರಿ ಸಂಗ್ರಹಿಸಲು ಆಜ್ಞೆ ಮಾಡಿದ್ದ. ಇವತ್ತಿಗೂ ಗರಿಯ ಕೆಲಸ ಮುಗಿದಿಲ್ಲ. ಬ್ಯಾಡ್ಮಿಂಟನ್ನಿನ ಗರಿಚೆಂಡಿನಲ್ಲಿ 16 ಗರಿ, ಒಟ್ಟು ತೂಕ 4.74ರಿಂದ 5.50 ಗ್ರಾಂ ಇರಬೇಕೆಂಬುದು ನಿಯಮ. ಒಳ್ಳೆಯ ಚೆಂಡುಗಳಿಗೆ ಹೆಬ್ಬಾತಿನ ಗರಿಯನ್ನೇ ಹುಡುಕುತ್ತಾರೆ. ಗರಿಗಳು ಒಂದರ ಮೇಲೊಂದು ಒಂದೇ ಕಡೆಗೆ ಓರೆಯಾಗಿರುವುದರಿಂದ ಚೆಂಡು ಹಾರುವಾಗ ಒಂದೇ ದಿಕ್ಕಿಗೆ ತಿರುಗುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕ್ರಿಕೆಟ್ಟಿನ ಡಕ್ ಔಟ್ ಬಂದದ್ದು ಸೊನ್ನೆಯಂತೆ ಕಾಣುವ ಬಾತುಕೋಳಿ ಮೊಟ್ಟೆಯಿಂದ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದೇ ಸೊನ್ನೆ ‘ಗೂಸ್ ಎಗ್’. ನಾವು ಚಿನ್ನದ ಮೊಟ್ಟೆಯ ಕೋಳಿ ಅನ್ನುವುದು ಇಂಗ್ಲಿಷ್‌ನಲ್ಲಿ ಗೂಸ್. ಜಾತಕ ಕಥೆಗಳಲ್ಲಿ ಅದು ಚಿನ್ನದ ಗರಿಯ ಹಂಸ. ಒಂದೊಂದೇ ಗರಿ ಕೊಟ್ಟು ಮನೆ ನಡೆಸುತ್ತಿದ್ದ ಹಕ್ಕಿಯನ್ನು ಹಿಡಿದು ಪೂರ್ತಿ ಕಿತ್ತರೆ ಗರಿಯೆಲ್ಲ ಬರಿಯ ಗರಿ ಆಗಿಬಿಡುತ್ತದೆ. ಶರತ್ಕಾಲದ ಗಾಳಿಯಲ್ಲಿ ತೇಲುವ ಜೇಡರ ನೂಲಿಗೆ ‘ಗೊಸಮರ್’ ಎಂಬ ಚೆಂದದ ಹೆಸರಿದೆ. ಅದು ‘ಗೂಸ್ ಸಮ್ಮರ್’ ಸವೆದು ಆದದ್ದು ಎಂದು ನಿಘಂಟುಗಳು ಹೇಳುತ್ತವೆ.

ಇನ್ನೊಂದು ಕಥೆ ಮಾತ್ರ ಬಿಡಲಾರೆ. ‘ಬಾರ್ನಕಲ್’ ಎಂದರೆ ಹಡಗಿನ ತಳಕ್ಕೆ, ಸಮುದ್ರದ ಮರದ ತುಂಡಿಗೆ ಅಂಟಿಕೊಳ್ಳುವ ಚಿಪ್ಪಿನ ಜೀವಿ. ಆ ಹೆಸರು ಮೊದಲು ಇದ್ದದ್ದು ಒಂದು ಹೆಬ್ಬಾತಿಗೆ. ಅದು ಗೂಡು ಕಟ್ಟುವುದು ಗ್ರೀನ್‌ಲ್ಯಾಂಡ್, ಸ್ವಾಲ್ಬಾರ್ಡ್‌ಗಳಂಥ ಉತ್ತರದ ಹಿಮನಾಡಿನಲ್ಲಿ. ಬ್ರಿಟನ್, ಐರ್ಲೆಂಡಿನವರಿಗೆ ಚಳಿಗಾಲದಲ್ಲಿ ಹಕ್ಕಿ ಕಾಣುತ್ತಿತ್ತು, ಗೂಡಾಗಲಿ ಮೊಟ್ಟೆಯಾಗಲಿ ಯಾರೂ ಕಂಡಿರಲಿಲ್ಲ. ಇತ್ತ ದಡಕ್ಕೆ ತೇಲಿಬಂದ ಮರಕ್ಕೆ ಕೊರಳಿನಂಥ ತೊಟ್ಟು, ಬಿಳಿ ಚಿಪ್ಪು, ಪುಕ್ಕದಂಥ ಎಳೆ ಇರುವ ಜೀವಿಗಳು ಅಂಟಿರುತ್ತಿದ್ದವು. ಸರಿ, ಹಕ್ಕಿ ಹುಟ್ಟುವುದು ಇದರಿಂದಲೇ ಎಂದು ಪಂಡಿತರೂ ನಂಬಿದರು. ಸಮುದ್ರದಲ್ಲಿ ಹುಟ್ಟಿದ್ದು ಮಾಂಸವಲ್ಲ ಎಂದು ಉಪವಾಸದ ದಿನ ಕೆಲವು ಪಾದ್ರಿಗಳು ಅದನ್ನು ತಿಂದದ್ದೂ ಉಂಟು. 12ನೇ ಶತಮಾನದ ಜೆರಾಲ್ಡ್ ಆಫ್ ವೇಲ್ಸ್ ಇದನ್ನು ಬರೆದಿಟ್ಟಿದ್ದಾನೆ. ನಂಬಿಕೆ ಹೋಯಿತು, ಆದರೆ ಹಕ್ಕಿಯ ಹೆಸರು ಚಿಪ್ಪಿಗೆ ಅಂಟಿಕೊಂಡು ಉಳಿಯಿತು.

ಬಾತು ಮತ್ತು ಸ್ವಾನ್‌ನ ಮೇಲುಕೀಳು ಯುರೋಪಿನಲ್ಲೂ ಒಮ್ಮೆ ಎದ್ದು ಕಂಡಿತು. ಚೆಕ್ ಧರ್ಮಸುಧಾರಕ ಯಾನ್ ಹುಸ್ ಅವರ ಹೆಸರಿನ ಅರ್ಥವೇ ಹೆಬ್ಬಾತು. ಪತ್ರಗಳಲ್ಲಿ ಅವರೇ ತಮ್ಮನ್ನು ಹಾಗೆ ಕರೆದುಕೊಂಡಿದ್ದಾರೆ. 1415ರ ಜುಲೈ 6ರಂದು ಕಾನ್‌ಸ್ಟಾನ್ಸ್ ನಗರದಲ್ಲಿ ಅವರನ್ನು ಜೀವಂತ ಸುಟ್ಟರು. ‘ಈಗ ಬಾತನ್ನು ಸುಡುತ್ತೀರಿ, ನೂರು ವರ್ಷದ ಮೇಲೆ ಬರುವ ಸ್ವಾನನ್ನು ಸುಡಲಾರಿರಿ’ ಎಂಬ ಮಾತು ಅವರ ಹೆಸರಲ್ಲಿ ಹಬ್ಬಿತು. ಆ ಸ್ವಾನ್ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಎಂದು ಲೂಥರ್ ಕಡೆಯವರು ನಂಬಿದರು. ಅಂಗಳದ ಹಕ್ಕಿಯ ಹೆಸರು ಹೊತ್ತ ಹುಸ್ ಕೊನೆಯವರೆಗೂ ಮಾತು ಬದಲಿಸಲಿಲ್ಲ. ನಮ್ಮ ಲೆಕ್ಕದಲ್ಲಿ ಅವರು ಹಂಸವೇ.

ಇಂಥ ಮಾತು ಮುಗಿದಾಗಲೆಲ್ಲ ಯಾರಾದರೂ ಕೇಳುವ ಪ್ರಶ್ನೆ ಒಂದಿದೆ: ಹಾಗಾದರೆ ‘ಮಾಂಗೂಸ್’ನಲ್ಲಿ ಯಾವ ಗೂಸ್? ಯಾವುದೂ ಇಲ್ಲ. ಅದು ಮರಾಠಿಯ ಮಂಗೂಸ್, ನಮ್ಮ ಮುಂಗುಸಿಯ ಒಡಹುಟ್ಟು. ಇಲ್ಲಿಂದ ಯುರೋಪಿಗೆ ಹೋದ ಮಾತು. ಇಂಗ್ಲಿಷಿನವರ ಕಿವಿಗೆ ಅದರ ಬಾಲದಲ್ಲಿ ಗೂಸ್ ಕೇಳಿಸಿತು, ಹಾಗೇ ಬರೆದರು. ಆದ್ದರಿಂದ ಎರಡು ಮುಂಗುಸಿಗಳಿದ್ದರೆ ‘ಮಾಂಗೂಸಸ್’ ಎನ್ನಬೇಕು, ‘ಮಾಂಗೀಸ್’ ಅಲ್ಲ. ದರ್ಜಿಯ ಇಸ್ತ್ರಿಪೆಟ್ಟಿಗೆಗಳೂ ‘ಗೂಸಸ್’. ಗೀಸ್ ಆಗುವುದು ಹಕ್ಕಿ ಮಾತ್ರ.